ಹೀಟರ್

ಏಪ್ರಿಲ್ ಮಧ್ಯಾಹ್ನ. ಆಟೋ ಕಾಂಪ್ಲೆಕ್ಸಿನ ತಗಡಿನ ಕೆಳಗೆ
ಬಾನೆಟ್ಟು ಬಾಯಿ ತೆರೆದು ನಿಂತಿದೆ.
ಗಫೂರಣ್ಣ ಹಳೇ ಬ್ರೇಕ್ ಆಯಿಲ್ ಬಸಿಯುತ್ತಾನೆ:
ಕಷಾಯದ ಬಣ್ಣ.
"ಇದು ಕುದ್ದರೆ ಪೆಡಲು ಬೆಣ್ಣೆ, ಮೇಡಂ.
ಮದ್ರಾಸಿನ ಮೂರನೇ ತಿರುವಿಗೆ ಬೆಣ್ಣೆ ಹಚ್ಚೋಕಾಗಲ್ಲ."

ಹಿಂದಿನ ಸೀಟು ಕಿತ್ತ. ಸ್ಟೆಪ್ನಿ, ಜಾಕು, ಮ್ಯಾಟು,
ಯಾರದೋ ಛತ್ರಿ.
ರೇಡಿಯೇಟರಿನ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ
ತೀರ್ಥಹಳ್ಳಿ ರಸ್ತೆಯ ಹಾತೆಗಳನ್ನು
ಬ್ರಷ್ಷಿನಿಂದ ನಾನೇ ತೆಗೆದೆ,
ಕ್ಲಿನಿಕ್ಕಿನ ಅಭ್ಯಾಸ.

ಕೊನೆಗೊಂದು ಮಾತು:
"ಸೂಜಿ ಕೆಂಪಿಗೆ ಬಂದರೆ ಏಸಿ ಅಲ್ಲ,
ಹೀಟರ್ ಹಾಕಿ. ಪೂರ್ತಿ."
ಈ ಸೆಕೆಯಲ್ಲಾ?
"ಹ್ಞೂ. ಅದರ ಜ್ವರ ಸ್ವಲ್ಪ ನೀವು ತಗೊಳ್ಳಿ."

ಮನೆಗೆ ಬರುವಾಗ ಕಿಟಕಿ ಏರಿಸಿ
ತುಂಗೆಯ ಸೇತುವೆ ದಾಟುವ ತನಕ
ಹೀಟರ್ ಹಾಕಿಕೊಂಡು ಕೂತೆ,
ರೂಢಿಯಾಗಲಿ ಅಂತ.