ರೋಹಿದಾಸನ ಮೊಣಕಾಲು

ನಿನ್ನೆ ಬೈತಖೋಲದ ಬೇಲೆಯಲ್ಲಿ
ಅವನಿಗೊಂದು ಶಾಲು, ಒಂದು ಹಣ್ಣಿನ ಬುಟ್ಟಿ,
ಫೈಬರಿನ ಗಣಪತಿ.
ಮೈಕು ಎರಡು ಸಲ ಕಿರುಚಿ ಸುಮ್ಮನಾಯಿತು.
ರೋಹಿದಾಸ ತಾಂಡೇಲ, ವಯಸ್ಸು ಮೂವತ್ತೊಂದು,
'ಇನ್ನು ಸಾಕು' ಅಂದ.
ಅಷ್ಟೇ ಅಂದ.
ಕುರ್ಚಿಯಿಂದ ಏಳುವಾಗ ಕೈ ಊರಿ ಎದ್ದ;
ಚಪ್ಪಾಳೆ ತಟ್ಟುತ್ತಲೇ ನಾವದನ್ನು ನೋಡಿದೆವು.

ಐಸ್ ಫ್ಯಾಕ್ಟರಿಯ ಲೆಕ್ಕ ಬರೆಯುವ ಕೈ ನನ್ನದು,
ಸಂಘದ ಸ್ಕೋರು ಪುಸ್ತಕವೂ ನನ್ನ ಬಳಿಯೇ.
ರಾತ್ರಿ ತೆರೆದು ಕೂತೆ.
ಹದಿಮೂರು ವರ್ಷ. ಆಡಿದ್ದು ತೊಂಬತ್ತೆರಡು ಪಂದ್ಯ.
ಆಡದೆ ಕೂತದ್ದು ಎಷ್ಟು?
ಅದಕ್ಕೆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಮೊದಲು ಬಲ ಮೊಣಕಾಲು, ಸದಾಶಿವಗಡದಲ್ಲಿ,
ಹೊನಲು ಬೆಳಕಿನ ಸೆಮಿಫೈನಲ್ಲು.
ಒಣ ಕಡ್ಡಿ ಮುರಿದ ಹಾಗೆ ಸದ್ದು,
ಕೊನೆಯ ಸಾಲಲ್ಲಿ ಶೇಂಗಾ ಸುಲಿಯುತ್ತಿದ್ದವನಿಗೂ ಕೇಳಿಸಿತು.
ಕೈತಾನನ ಟೆಂಪೋದಲ್ಲಿ, ಮೀನಿನ ಟ್ರೇ ಬದಿಗೆ ಸರಿಸಿ,
ಪೋಳೆಂ ಗೇಟು ದಾಟಿ ಬಾಂಬೋಳಿ ಆಸ್ಪತ್ರೆಗೆ.
ಆಮೇಲೆ ಭುಜ. ಆಮೇಲೆ ಎಡ ಹಿಮ್ಮಡಿ.
ಮತ್ತೆ ಅದೇ ಮೊಣಕಾಲು. ಮತ್ತೂ ಅದೇ.

ಅವನಿಂದ ನಮ್ಮೂರಿಗೆ ಶರೀರಶಾಸ್ತ್ರ ಬಂತು.
ಲಿಗಮೆಂಟು, ಮೆನಿಸ್ಕಸ್ಸು,
ಬಾನಾವಳಿಯ ಚಾದಂಗಡಿಯಲ್ಲಿ ಬನ್ನು ಹರಿದು ತೋರಿಸುತ್ತ
ಹೈಸ್ಕೂಲು ದಾಟದವರೂ ವಿವರಿಸುತ್ತಿದ್ದರು.
ಬಂಗಡೆ ಮಾರುವ ಕುಮುದಿನಿ ಮಾತ್ರ
'ನರ ಸೋತಿದೆ, ಬೆಳಚಿನ ಸಾರು ಕುಡೀಲಿ' ಅಂತ
ಪ್ರತಿ ಸಲವೂ ಒಂದು ಪಾಲು ಅವನ ಮನೆಗೆ ಕಳಿಸಿದಳು.

ಜೂನಿನಲ್ಲಿ ಬೋಟುಗಳೂ ದಡ ಹತ್ತುತ್ತವೆ.
ಅವಕ್ಕೆ ದಿನ ಗೊತ್ತು: ಅರವತ್ತೊಂದು.
ಇವನಿಗೆ ಯಾವ ಇಲಾಖೆಯೂ ತಾರೀಖು ಕೊಡಲಿಲ್ಲ.

ನಿಜ ಹೇಳಿಬಿಡಬೇಕು.
ನಾವು ಅವನಿಗೆ 'ಪಿಂಗಾಣಿ' ಅಂತ ಹೆಸರಿಟ್ಟಿದ್ದೆವು.
ನಾವಲ್ಲ, ನಾನು.
ಮತ್ತೆ ಆ ವರ್ಷ, ಅಂಕೋಲೆಯವರ ಎದುರು ಫೈನಲ್ಲು,
ಡಾಕ್ಟರು ಹೇಳಿದ್ದು ಆರು ತಿಂಗಳು, ಕಳೆದದ್ದು ನಾಲ್ಕು,
ಅಷ್ಟರಲ್ಲೇ ಬ್ಯಾನರು ಕಟ್ಟಿದೆವು: ಹುಲಿ ಮರಳಿದೆ.
ಬ್ಯಾನರು ಕಟ್ಟಿದ ಮೇಲೆ ಹುಲಿಯಾದರೂ ಏನು ಮಾಡೀತು,
ಮಂಡಿಗೆ ಪಟ್ಟಿ ಸುತ್ತಿ ಇಳಿಯಿತು.

ಆ ಒಂದು ರೈಡು.
ನಮ್ಮ ಐವರು ಔಟಾಗಿ ಗೆರೆಯಾಚೆ ಸಾಲಾಗಿ ಕೂತಿದ್ದರು,
ಅಂಗಳದಲ್ಲಿ ಇವನೂ ಒಬ್ಬ ಹೊಸ ಹುಡುಗನೂ.
ಕಬಡ್ಡಿ ಕಬಡ್ಡಿ, ದನಿ ಮೊದಲು ಹೊಕ್ಕಿತು, ಕಾಲು ಆಮೇಲೆ.
ಮೂವರು ಮೇಲೆ ಬಿದ್ದರು. ಒಬ್ಬ ಆ ಕಾಲನ್ನೇ ಹಿಡಿದ.
ಉಸಿರು ಬಿಡಲಿಲ್ಲ ಅವನು.
ಬಲೆಯನ್ನೇ ಎಳೆದುಕೊಂಡು ಹೋಗುವ ಮೀನಿನ ಹಾಗೆ
ಮೂವರನ್ನೂ ಎಳೆಯುತ್ತ, ಎಳೆಯುತ್ತ,
ಬೆರಳ ತುದಿಯಿಂದ ಮಧ್ಯಗೆರೆ ಮುಟ್ಟಿದ.

ಗೆರೆಯಾಚೆಯಿಂದ ಮೂವರು
ಮಣ್ಣು ಕೊಡವಿಕೊಂಡು ಒಳಗೆ ಬಂದರು.
ನಾವು ಹುಚ್ಚೆದ್ದು ಕುಣಿದೆವು.
ಅವನು ಎದ್ದಿಲ್ಲ ಎಂದು ಕಂಡದ್ದು
ಕುಣಿದು ಮುಗಿದ ಮೇಲೆ.

ಸೋತೆವು, ಎರಡು ಪಾಯಿಂಟಿನಿಂದ. ಅದೂ ಪುಸ್ತಕದಲ್ಲಿದೆ.

ಸತ್ತವರು ಬದುಕಿ ಬರುವ ಆಟ ಇದು.
ಹೊರಗೆ ಕೂತವನು ಒಳಗಿನವನ ಉಸಿರಿಗೆ ಕಾಯುತ್ತಾನೆ.
ಅವನು ಬದುಕಿಸಿದವರನ್ನು ಎಣಿಸಿದೆ: ಇನ್ನೂರ ಹದಿನೇಳು.
ಅವನನ್ನು ಒಳಗೆ ಕರೆತರುವಷ್ಟು ಉದ್ದದ ಉಸಿರು
ನಮ್ಮಲ್ಲಿ ಯಾರಿಗೂ ಇರಲಿಲ್ಲ.

'ಆ ಮಂಡಿ ಒಂದು ಸರಿಯಿದ್ದಿದ್ದರೆ ಟಿವಿಯಲ್ಲಿ...'
ಕೈತಾನ ಶುರುಮಾಡಿದ್ದ. ಕುಮುದಿನಿ ಬಿಡಲಿಲ್ಲ:
'ಇದ್ದಿದ್ದರೆ ಇದ್ದಿದ್ದರೆ ಅಂದ್ರೆ ಬಂಗಡೆ ಇಸವಾಣ ಆಗ್ತದಾ?
ಬಂದಷ್ಟು ದಿನ ತಾಜಾ ಬಂತಲ್ಲ, ಸಾಕು.'

ಇವತ್ತು ಬೆಳಿಗ್ಗೆ ಅವನೇ ಐಸಿಗೆ ಬಂದ.
ಅಣ್ಣನ ಬೋಟಿಗೆ ಎರಡು ಬ್ಲಾಕು,
ಮಂಡಿಗೆ ಅಂತ ಒಂದು ಚೂರು, ಟವೆಲಿನಲ್ಲಿ ಸುತ್ತಿ.
ಪಿಂಗಾಣಿಯ ಮಾತು ಗಂಟಲ ತನಕ ಬಂತು.
ಎರಡಕ್ಕೆ ಮಾತ್ರ ಬಿಲ್ಲು ಬರೆದೆ.