ನಲವತ್ತೊಂದನೇ ಜೋಡಣಿ

ಎಸ್ತರ್ ಲೈಟರ್ ಒತ್ತುತಾಳ.
ಟಕ್. ಟಕ್. ಟಕ್.
ನೀಲಿ ಹತ್ತಲಿಲ್ಲ.
ಸಿಲಿಂಡರ್ ಅಡ್ಡ ಮಲಗಿಸಿ, ಹೊಳ್ಳಾಡಿಸಿ,
ಒಂದು ಚಹಾಕ್ಕಾಗುವಷ್ಟು ಉಸಿರು ಹಿಂಡುತಾಳ.

ನಾನು ನೋಡಕೋತ ಕುಂತೀನಿ,
ಹುಮನಾಬಾದಿನ ಮಿಷನ್ ಓಣ್ಯಾಗ,
ಎರಡು ವರ್ಷ ಎಂಟು ತಿಂಗಳು
ನೈಜೀರಿಯಾದ ಕೆಸರಾಗ ಪೈಪು ಬೆಸೆದು ಬಂದಾಂವ.

ಅಲ್ಲಿ ಕತ್ತಲಿ ಇಲ್ಲ, ಎಸ್ತರ್.
ಎಣ್ಣಿ ಬೇಕು ಅವರಿಗಿ. ಎಣ್ಣಿ ಬೆನ್ನಿಗಿ ಬರೋ ಗ್ಯಾಸು
ಕರೀದೆ ಬಂದ ಬೀಗರಂಗ.
ಕೊಳವಿ ನೆಟ್ಟು ಸುಡತಾರ.
ಬೀದರಿನ ಚೌಬಾರಾದಷ್ಟು ಎತ್ತರ ಕಂಬ,
ಅದರ ಮ್ಯಾಲ ಮತ್ತ ಅಷ್ಟೇ ಎತ್ತರ ಬೆಂಕಿ.
ಹುಂಜಕ್ಕ ಬೆಳಗಾದದ್ದು ತಿಳಿಯಂಗಿಲ್ಲ,
ಯಾವಾಗ ಬೇಕಾದರ ಆವಾಗ ಕೂಗತಾವ.

ಬೆಂಕಿ ಬುಡಕ್ಕ ಮರಗೆಣಸು ಒಣಗಿಸೋ ಹೆಣ್ಮಕ್ಕಳೊಳಗ
ಒಬ್ಬಾಕಿ ಎಬಿಯೇರೆ.
ಮನ್ಯಾಗ ಸೌದಿ ಒಲಿ.
ಊದಿ ಊದಿ ಕಣ್ಣು ಕೆಂಪ,
ನಿಮ್ಮವ್ವನ ಕಣ್ಣಿನಂಗ,
ತೊಗರಿ ಕಟ್ಟಿಗಿ ಹೊಗಿ ಕುಡದ ಕಣ್ಣು.

"ಅಷ್ಟು ಬೆಂಕಿ ಇಟಗೊಂಡು?"
ಹೂಂ. ಅಷ್ಟು ಬೆಂಕಿ ಇಟಗೊಂಡು.

ಅದನ್ನ ಹಿಡೀಲಿಕ್ಕೇ ನಮ್ಮ ಪೈಪು:
ಹಿಡದು, ತಣ್ಣಗ ಮಾಡಿ, ನೀರು ಮಾಡಿ,
ಹಡಗಕ್ಕ ತುಂಬಿ ಯಾವುದೋ ದೇಶಕ್ಕ.
ಎಬಿಯೇರೆ ಮನಿ ಪೈಪಿನಿಂದ ನಲವತ್ತು ಹೆಜ್ಜಿ.
ಆ ನಲವತ್ತು ಹೆಜ್ಜಿ ನಕ್ಷಾದಾಗ ಇರಲಿಲ್ಲ.

ಒಂದೊಂದು ಬೆಸುಗಿಗೂ ಎಕ್ಸರೇ ತಗೀತಿದ್ದರು.
ಕೂದಲೆಳಿಯಷ್ಟು ಬಿರುಕು ಕಂಡರ
ಕೊಯ್ದು ಮತ್ತ ಹಚ್ಚು.
ನನ್ನ ಎದಿಗಿ ಯಾರೂ ತಗೀಲಿಲ್ಲ;
ಕೆಮ್ಮಿಗಿ ಒಂದು ಹಳದಿ ಗುಳಿಗಿ.

ನಲವತ್ತೊಂದನೇ ಜೋಡಣಿ ಮೂರು ಸಲ ಫೇಲು.
ನಾಕನೇ ಸಲ ಪಾಸಾದ ಜಾವ,
ಸುಪರ್ವೈಜರ್ ತೂಕಡಸಾಗ,
ಸೀಮೆಸುಣ್ಣದಲೆ ಕನ್ನಡದಾಗ ಬರದೆ
ಪೈಪಿನ ಮ್ಯಾಲ, ನಿನ್ನ ಹೆಸರು.
ಆಮ್ಯಾಲ ಕರೀ ಪಟ್ಟಿ ಸುತ್ತಿದರು. ಮಣ್ಣು ಎಳದರು.

ನಗತಾಳ ಅಂದಕೊಂಡಿದ್ದೆ.
ಚಹಾ ಬಗ್ಗಿಸಿಕೋತ ಎಸ್ತರ್ ಅಂದಳು,
"ನಂದ್ಯಾಕ ಬರದಿ?
ಆಕಿದು ಬರೀಬೇಕಿತ್ತು."

ಚಹಾ ಅರ್ಧ ಕುದ್ದಿತ್ತು. ಹಾಲಿನ ಹಸಿ ವಾಸನಿ.
ಕುಡದೆ.

ಹೈವೇ ಬದಿಗಿ ಹೊಸದಾಗಿ
ಹಳದಿ ಕಲ್ಲು ನೆಟ್ಟಾರ: ಕೆಳಗ ಗ್ಯಾಸಿನ ಪೈಪು, ಅಗೀಬ್ಯಾಡ್ರಿ.
ನಿನ್ನಿ ಸಂಜೀಕ, ಯಾರೂ ನೋಡದಂಗ,
ಆ ಕಲ್ಲಿನಿಂದ ನಮ್ಮ ಹೊಸ್ತಿಲತನಾ
ಹೆಜ್ಜಿ ಎಣಿಸಕೋತ ಬಂದೆ.

ಎಷ್ಟಾದವು ಅಂತ
ಎಸ್ತರಗ ಇನ್ನಾ ಹೇಳಿಲ್ಲ.