ಚೀಲವಿದ್ದ ಜಾಗ

ಕಣ್ಣಿನ ಡಾಕ್ಟರು ತನ್ವೀರಾ ಮೇಡಂ
ಎಡಗಂಕುಳಲ್ಲಿ ಕರವಸ್ತ್ರ ಸಿಕ್ಕಿಸಿಕೊಂಡು
ಕೋಲು ಬೀಸುತ್ತಾರೆ.
ಕರವಸ್ತ್ರ ಬೀಳುತ್ತದೆ.
ಗಾಲ್ಫ್ ಕಲಿಸುವ ಇನಾಸ್ ಲೊಚಗುಟ್ಟುತ್ತಾನೆ:
"ಕೈ ಓಡಿಹೋಯ್ತು ಮೇಡಂ, ಮೈ ಇಲ್ಲೇ ಉಳೀತು.
ತೋಳು ಎದೆ ಬಿಡಬಾರದು. ಎದೆ ತಿರುಗಿದರೆ
ಅದೂ ತಿರುಗಬೇಕು, ಅಷ್ಟೇ. ಇನ್ನೊಂದ್ಸಲ."
ಇನ್ನೊಂದ್ಸಲ. ಬೀಳುತ್ತದೆ.
ಎತ್ತಿಕೊಡುವವನು ನಾನು.

ಎತ್ತಿಕೊಡುವುದು ನನ್ನ ಕೆಲಸದಲ್ಲಿಲ್ಲ.
ನನ್ನದು ಚೆಂಡು ಹೆಕ್ಕುವುದು, ಎಣಿಸುವುದು,
ಸಂಜೆ ಬಕೆಟ್ಟಿಗೆ ಹಾಕಿ ಪುಸ್ತಕದಲ್ಲಿ ಬರೆಯುವುದು.
ಆದರೂ ಮೂವತ್ತೊಂದು ವರ್ಷ ಬಸ್ಸಿನ ನೆಲದಿಂದ
ಜನರ ಚಿಲ್ಲರೆ ಹೆಕ್ಕಿಕೊಟ್ಟ ಬೆನ್ನು ಇದು,
ಏನಾದರೂ ಬಿದ್ದರೆ ತಾನಾಗಿ ಬಾಗುತ್ತದೆ.

ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ.
ದಿನಕ್ಕೆ ಮೂರು ಸಲ ಹೋದೆ, ಮೂರು ಸಲ ಬಂದೆ.
ಹಿಡಿದುಕೊಳ್ಳುವ ಕಂಬಿ ಪ್ರಯಾಣಿಕರಿಗೆ;
ಕಂಡಕ್ಟರನ ಎರಡೂ ಕೈಗೆ ಕೆಲಸ.
ಒಂದರಲ್ಲಿ ಟಿಕೆಟ್ಟು, ಇನ್ನೊಂದರ ಬೆರಳ ಸಂದಿಗಳಲ್ಲಿ
ಉದ್ದಕ್ಕೆ ಮಡಚಿದ ಹತ್ತು, ಇಪ್ಪತ್ತು, ಐವತ್ತು,
ಎಡಗಂಕುಳಲ್ಲಿ ಚರ್ಮದ ಚೀಲ.
ತಿರುವಿನಲ್ಲಿ ಕೈ ಚಾಚಿದವರು ಬಿದ್ದರು.
ನಾನು ಚಾಚಲಿಲ್ಲ.
ಸೊಂಟ ಮೊದಲು ತಿರುಗುತ್ತಿತ್ತು, ಹಿಂದೆಯೇ ಎದೆ,
ಎದೆಯ ಜೊತೆಗೆ ಚೀಲ, ಚೀಲದೊಳಗೆ
ಸರ್ಕಾರದ ದುಡ್ಡು ಝಲ್ಲೆಂದು ಒಂದು ಮೂಲೆಗೆ ಸರಿದು
ಮತ್ತೆ ವಾಪಸು.
ಇದು ಕಾಸು ಕೊಟ್ಟು ಕಲಿಯುವ ವಿದ್ಯೆ ಎಂದು
ಯಾರೂ ಹೇಳಿರಲಿಲ್ಲ.

ಗಟ್ಟಿಯಾಗಿ ಒತ್ತಿದರೂ ಆಗುವುದಿಲ್ಲ ಮೇಡಂ.
(ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.)
ಹೊಸ ಕಂಡಕ್ಟರುಗಳು ಕಳ್ಳರಿಗೆ ಹೆದರಿ ಅವುಚುತ್ತಾರೆ,
ಆಲ್ದೂರು ದಾಟುವಷ್ಟರಲ್ಲಿ ಭುಜ ಕಲ್ಲು.
ಪಕ್ಕದ ಸೀಟಿನ ಅಪರಿಚಿತ ತೂಕಡಿಸಿ
ನಿಮ್ಮ ಹೆಗಲಿಗೆ ತಲೆ ಇಟ್ಟಾಗ ಹೇಗೆ ಕೂರುತ್ತೀರಿ,
ದೂಡದೆ, ಬೀಳಲೂ ಬಿಡದೆ?
ಅಷ್ಟು ಸಾಕು.

ನಿವೃತ್ತಿಯ ದಿನ ಡಿಪೊದಲ್ಲಿ ಹಾರ ಹಾಕಿದರು,
ಚೀಲ ಇಸಿದುಕೊಂಡರು, ರಸೀದಿ ಕೊಟ್ಟರು.
ಆಮೇಲೆ ತೋಳಿಗೆ ಎಲ್ಲಿರಬೇಕೆಂದೇ ತಿಳಿಯಲಿಲ್ಲ.
ಮದುವೆಯೂಟಕ್ಕೆ ಕೂತರೆ ಪಕ್ಕೆಗೆ,
ಸಂತೆಗೆ ಹೋದರೆ ಪಕ್ಕೆಗೆ,
ರಾತ್ರಿ ಮಗ್ಗುಲಾದರೂ ಪಕ್ಕೆಗೇ.
"ಯಾರೂ ಕದಿಯಲ್ಲ, ಬಿಡ್ರೀ ಕೈನ" ಎಂದು
ಸಾಕಮ್ಮ ಕತ್ತಲಲ್ಲೇ ಮೊಣಕೈ ಬಿಡಿಸುತ್ತಾಳೆ.
ಕಂಕುಳಲ್ಲಿ ಕೂಸಿಟ್ಟುಕೊಂಡು
ಊರೆಲ್ಲ ಹುಡುಕಿದವಳ ಗಾದೆ ಕೇಳಿದ್ದೀರಿ.
ನನ್ನದು ಉಲ್ಟಾ:
ಕೂಸಿಲ್ಲ, ಕಂಕುಳು ಇನ್ನೂ ಎತ್ತಿಕೊಂಡೇ ಇದೆ.

ನಿನ್ನೆ ಎಲ್ಲರೂ ಹೋಗಿದ್ದರು.
ಮುಳ್ಳಯ್ಯನಗಿರಿ ಕಡೆ ಬೆಳಕು ಇನ್ನೊಂದು ಚೂರಿತ್ತು.
ಇನಾಸ್ ಮರೆತ ಏಳನೇ ನಂಬರಿನ ಕೋಲು
ಹುಲ್ಲಿನಲ್ಲಿ ಬಿದ್ದಿತ್ತು. ಬಾಗಿದೆ, ಎತ್ತಿದೆ.
ಚಪ್ಪಲಿ ಬಿಟ್ಟೆ, ಯಾಕೋ ಗೊತ್ತಿಲ್ಲ.
ಕಂಕುಳಲ್ಲಿ ಏನೂ ಇಟ್ಟುಕೊಳ್ಳಲಿಲ್ಲ.
ಕಣ್ಣು ಚೆಂಡಿನ ಮೇಲೆ, ಕಿವಿಯಲ್ಲಿ
ಡ್ರೈವರ್ ಚೌಡೇಗೌಡ ಗೇರು ಇಳಿಸುವ ಗರಗರ,
ಬಲಕ್ಕೊಂದು ತಿರುವು, ಉಸಿರು ಬಿಡುವ ಮೊದಲೇ
ಎಡಕ್ಕೊಂದು:
ಸೊಂಟ, ಎದೆ, ಚೀಲ.

ಟಕ್.
ಟಿಕೆಟ್ಟಿಗೆ ತೂತು ಹೊಡೆದಷ್ಟೇ ಸದ್ದು.
ಚೆಂಡು ಎತ್ತ ಹೋಯಿತೋ, ತಲೆ ಎತ್ತಲಿಲ್ಲ.
ಪಕ್ಕೆಯ ಹತ್ತಿರ ಚಿಲ್ಲರೆ
ಝಲ್ಲೆಂದು ಸರಿದದ್ದನ್ನೇ ಕೇಳುತ್ತ ನಿಂತಿದ್ದೆ.

ಬೇಲಿಯಾಚೆ ಕಾಫಿ ಗಿಡಗಳ ಬುಡದಲ್ಲಿ
ಟಾರ್ಚು ಹಿಡಿದು ಹುಡುಕಿದೆ. ಸಿಗಲಿಲ್ಲ.
ಕೊಟ್ಟದ್ದು ಇನ್ನೂರ ನಲವತ್ತು,
ಬಂದದ್ದು ಇನ್ನೂರ ಮೂವತ್ತೊಂಬತ್ತು.
ಚೆಕಿಂಗಿನವರು ನಡುದಾರಿಯಲ್ಲಿ ಹತ್ತಿದಾಗಲೂ
ಒಂದು ರೂಪಾಯಿ ಹೆಚ್ಚುಕಮ್ಮಿ ಬಾರದ ಲೆಕ್ಕ ನನ್ನದು.
ಬಲ್ಬಿನ ಕೆಳಗೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಕೊನೆಗೆ ಷರಾ ಕಾಲಮ್ಮಿನಲ್ಲಿ ಬರೆದೆ:
"ಒಂದು ಕಡಿಮೆ. ಸಂಬಳದಲ್ಲಿ ಹಿಡಿಯತಕ್ಕದ್ದು."
ಕೆಳಗೆ ಸಹಿ.
ಸಹಿಯ ಪಕ್ಕದಲ್ಲಿ, ಯಾರೂ ಕೇಳದಿದ್ದರೂ,
ಹಳೆಯ ಬಿಲ್ಲೆಯ ನಂಬರು.